ಪಂದ್ಯ, ಕಛೇರಿ, ಕರಗ: ಚೈತ್ರದ ಬೆಂಗಳೂರಿಗೆ ನಾಲ್ಕು ದಿನಗಳ ಪ್ರವಾಸವನ್ನು ಯೋಜಿಸುವ ಬಗೆ

2025ರ ಏಪ್ರಿಲ್ 10, ಗುರುವಾರದ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ದೆಹಲಿ ತಂಡಗಳ ನಡುವೆ ಐಪಿಎಲ್ ಪಂದ್ಯವಿತ್ತು. ಎದುರಾಳಿ ತಂಡದಲ್ಲಿದ್ದ ನಮ್ಮದೇ ಕೆ. ಎಲ್. ರಾಹುಲ್ ಔಟಾಗದೆ 93 ರನ್ ಹೊಡೆದು ಪಂದ್ಯವನ್ನು ಕಸಿದುಕೊಂಡರು. ಅದೇ ವಾರ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ಕಛೇರಿಗಳು ನಡೆಯುತ್ತಿದ್ದವು. 12ರ ಶನಿವಾರ ಚೈತ್ರ ಹುಣ್ಣಿಮೆಯಾದ್ದರಿಂದ ಆ ರಾತ್ರಿ ತಿಗಳರಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ದ್ರೌಪದಿಯ ಉತ್ಸವವಾದ ಹೂವಿನ ಕರಗ ಹೊರಟಿತು. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬಂದವರು ಗುರುವಾರ ಮತ್ತು ಶುಕ್ರವಾರ ಎರಡೇ ದಿನ ರಜೆ ಹಾಕಿ ಈ ಮೂರನ್ನೂ ಕಂಡು, ಭಾನುವಾರ ರಾತ್ರಿಯ ಊಟಕ್ಕೆ ಮನೆ ಸೇರಬಹುದಾಗಿತ್ತು. ಹಾಗೆ ಮಾಡಿದವರು ಬಹಳ ಕಡಿಮೆ. ಪಂದ್ಯಕ್ಕೆಂದು ಬಂದವರಲ್ಲಿ ಹೆಚ್ಚಿನವರು ಪಂದ್ಯ ಮುಗಿದ ರಾತ್ರಿಯೇ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿರುತ್ತಾರೆ.

ಇಂಥ ವಾರ ಪ್ರತಿ ವರ್ಷವೂ ಇಷ್ಟು ಚೆನ್ನಾಗಿ ಕೂಡಿಬರುವುದಿಲ್ಲ, ಆದರೆ ಚೈತ್ರ ಮಾಸದಲ್ಲಿ ಇದಕ್ಕೆ ಹತ್ತಿರದ್ದೊಂದು ಸಿಕ್ಕೇ ಸಿಗುತ್ತದೆ. ಅದನ್ನು ಹುಡುಕಿ ಹೊಂದಿಸಿಕೊಳ್ಳುವುದು ಹೇಗೆ ಎಂಬುದನ್ನು 2025ರ ಆ ನಾಲ್ಕು ದಿನಗಳನ್ನೇ ಮಾದರಿಯಾಗಿಟ್ಟುಕೊಂಡು ಇಲ್ಲಿ ವಿವರಿಸಿದೆ.

ಮೊದಲನೆಯ ಹೆಜ್ಜೆ: ಅಲುಗಾಡದ ದಿನವನ್ನು ಗುರುತಿಸಿ

ಹೆಚ್ಚಿನವರು ಪಂದ್ಯದ ಟಿಕೆಟ್ ಕೈಗೆ ಸಿಕ್ಕ ಮೇಲೆ ಉಳಿದದ್ದನ್ನು ಯೋಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಲೆಕೆಳಗಾದದ್ದು. ಮೂರು ಕಾರ್ಯಕ್ರಮಗಳ ಪೈಕಿ ಯಾವುದು ಎಷ್ಟು ಗಟ್ಟಿ ಎಂಬುದನ್ನು ಮೊದಲು ತೂಗಿ ನೋಡಬೇಕು. ಕರಗದ ದಿನವನ್ನು ಹುಣ್ಣಿಮೆ ನಿರ್ಧರಿಸುತ್ತದೆ; ಅದು ಮಳೆ ಬಂದರೂ ಚುನಾವಣೆ ಬಂದರೂ ಕದಲುವುದಿಲ್ಲ. ಸಂಗೀತೋತ್ಸವವು ಸುಮಾರು ಒಂದು ತಿಂಗಳು ನಡೆಯುವುದರಿಂದ ಒಂದು ಸಂಜೆ ತಪ್ಪಿದರೆ ಇನ್ನೊಂದು ಸಂಜೆ ಇರುತ್ತದೆ. ಪಂದ್ಯಕ್ಕೆ ದಿನಾಂಕವೇನೋ ಇರುತ್ತದೆ, ಆದರೆ ಅದು ನಾವು ತಿಳಿದಷ್ಟು ಗಟ್ಟಿಯಲ್ಲ. 2024ರಲ್ಲಿ ಲೋಕಸಭಾ ಚುನಾವಣೆಯ ಕಾರಣ ಐಪಿಎಲ್ ವೇಳಾಪಟ್ಟಿಯನ್ನು ಎರಡು ಕಂತಿನಲ್ಲಿ ಪ್ರಕಟಿಸಿದರು. 2025ರ ಮೇ ತಿಂಗಳಲ್ಲಿ ಗಡಿಯ ಸಂಘರ್ಷದಿಂದಾಗಿ ಇಡೀ ಟೂರ್ನಿಯೇ ಕೆಲವು ದಿನ ನಿಂತಿತು.

ಆದ್ದರಿಂದ ಮೊದಲು ಪಂಚಾಂಗವನ್ನು ತೆರೆದು ಚೈತ್ರ ಶುದ್ಧ ನವಮಿ ಮತ್ತು ಹುಣ್ಣಿಮೆಗಳನ್ನು ಗುರುತು ಹಾಕಿಕೊಳ್ಳಿ. ಹೋದ ವರ್ಷದ ದಿನಾಂಕಗಳನ್ನು ನಂಬಬಾರದು. 2024ರಲ್ಲಿ ರಾಮನವಮಿ ಏಪ್ರಿಲ್ 17ಕ್ಕೂ ಕರಗ 23ಕ್ಕೂ ಬಂದಿದ್ದವು. ಮರುವರ್ಷ ಅವು 6 ಮತ್ತು 12ಕ್ಕೆ ಸರಿದವು. ಅಧಿಕ ಮಾಸ ಬಂದ ಮರುವರ್ಷ ದಿನಾಂಕಗಳು ಮತ್ತೆ ಮುಂದಕ್ಕೆ ಹೋಗುತ್ತವೆ. ಹುಣ್ಣಿಮೆಯ ಹಿಂದಿನ ಐದು ದಿನಗಳಲ್ಲಿ ಬೆಂಗಳೂರಿನಲ್ಲಿ ಪಂದ್ಯವಿದೆಯೇ ಎಂದು ವೇಳಾಪಟ್ಟಿ ಬಂದ ದಿನವೇ ನೋಡಿ. ಇದ್ದರೆ ಪ್ರವಾಸದ ಚೌಕಟ್ಟು ಸಿದ್ಧವಾದಂತೆ. ಇಲ್ಲದಿದ್ದರೆ ಕರಗ ಮತ್ತು ಪಂದ್ಯಗಳಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಎರಡಕ್ಕೂ ಆಸೆಪಟ್ಟು ಎಂಟು ದಿನ ಲಾಡ್ಜಿನಲ್ಲಿ ಕೂರುವುದು ಜೇಬಿಗೆ ಒಳ್ಳೆಯದಲ್ಲ.

ಇನ್ನೊಂದು ಎಚ್ಚರ ಅಗತ್ಯ. ಊರಿನ ತಂಡದ ಪಂದ್ಯವೆಂದ ಮಾತ್ರಕ್ಕೆ ಅದು ಊರಿನಲ್ಲೇ ನಡೆಯುತ್ತದೆಂದು ಭಾವಿಸಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅದರ ನಂತರ ಆ ವರ್ಷದ ಮಹಾರಾಜ ಟ್ರೋಫಿ ಎಂಬ ರಾಜ್ಯದ ಟಿ20 ಟೂರ್ನಿಯನ್ನು ಮೈಸೂರಿಗೂ, ಮಹಿಳೆಯರ ವಿಶ್ವಕಪ್ಪಿನ ಬೆಂಗಳೂರು ಪಂದ್ಯಗಳನ್ನು ನವಿ ಮುಂಬೈಗೂ ಸ್ಥಳಾಂತರಿಸಿದರು. ವೇಳಾಪಟ್ಟಿಯಲ್ಲಿ ಮೈದಾನದ ಹೆಸರನ್ನು ಓದಿ ಖಚಿತಪಡಿಸಿಕೊಂಡ ಮೇಲೆಯೇ ಹಣ ಕಟ್ಟಿ.

ಎರಡನೆಯ ಹೆಜ್ಜೆ: ಊರನ್ನು ಎರಡು ಮೆಟ್ರೊ ಗೆರೆಗಳಾಗಿ ಓದಿ

ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ವ್ಯರ್ಥ. ಸಂಜೆ ಆರು ಗಂಟೆಗೆ ನಾಲ್ಕು ಕಿಲೋಮೀಟರ್ ಎಂದರೆ ಹದಿನೈದು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ನಿಶ್ಚಿತ ಸಮಯಕ್ಕೆ ನಿಶ್ಚಿತ ಸ್ಥಳವನ್ನು ಮುಟ್ಟಿಸುವುದು ಮೆಟ್ರೊ ಒಂದೇ. ಅದೃಷ್ಟಕ್ಕೆ ಈ ಪ್ರವಾಸದ ಮುಖ್ಯ ತಾಣಗಳೆಲ್ಲ ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣದಿಂದ ಕೈಯಳತೆಯಲ್ಲಿವೆ.

ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಹೊರಟರೆ ಮೂರನೆಯ ನಿಲ್ದಾಣವೇ ಕಬ್ಬನ್ ಪಾರ್ಕ್. ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಚಿನ್ನಸ್ವಾಮಿ ಕ್ರೀಡಾಂಗಣ. ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಚಿಕ್ಕಪೇಟೆ, ನಂತರ ಕೃಷ್ಣರಾಜೇಂದ್ರ ಮಾರುಕಟ್ಟೆ, ಅದರ ಮುಂದೆ ನ್ಯಾಷನಲ್ ಕಾಲೇಜು, ಆಮೇಲೆ ಲಾಲ್‌ಬಾಗ್. ಕೋಟೆ ಪ್ರೌಢಶಾಲೆಗೆ ಮಾರುಕಟ್ಟೆಯ ನಿಲ್ದಾಣದಿಂದ ನಡೆದು ಹೋಗಬಹುದು. ಬಸವನಗುಡಿ ಮತ್ತು ಗಾಂಧಿಬಜಾರಿಗೆ ನ್ಯಾಷನಲ್ ಕಾಲೇಜಿನ ನಿಲ್ದಾಣ ಅನುಕೂಲ. ಕರಗ ಹೊರಡುವ ತಿಗಳರಪೇಟೆಯೂ ಹಳೆಯ ಪೇಟೆಯ ಒಳಗೇ ಇದೆ.

ಇಲ್ಲಿ ಒಂದು ಮಾತು. ನಿಮ್ಮ ಅಭಿರುಚಿ ಸಿನಿಮಾ ಗಾಯಕರ ಅಥವಾ ಬ್ಯಾಂಡ್‌ಗಳ ದೊಡ್ಡ ಬಯಲು ಕಾರ್ಯಕ್ರಮಗಳ ಕಡೆಗಿದ್ದರೆ ಲೆಕ್ಕ ಬೇರೆ. ಅವು ಹೆಚ್ಚಾಗಿ ಅರಮನೆ ಮೈದಾನದಲ್ಲೋ ತುಮಕೂರು ರಸ್ತೆಯ ಮಾದಾವರದ ಕಡೆಯೋ ನಡೆಯುತ್ತವೆ. ಹಸಿರು ಮಾರ್ಗವು 2024ರ ನವೆಂಬರಿನಲ್ಲಿ ಮಾದಾವರದವರೆಗೆ ವಿಸ್ತರಿಸಿದ್ದರಿಂದ ಅಲ್ಲಿಗೆ ಹೋಗುವುದು ಸುಲಭವಾಗಿದೆ. ಅರಮನೆ ಮೈದಾನಕ್ಕೆ ಮಾತ್ರ ಇಂದಿಗೂ ರಸ್ತೆಯೇ ಗತಿ.

ಮೂರನೆಯ ಹೆಜ್ಜೆ: ರೈಲು, ಬಸ್ಸು ಮತ್ತು ವಸತಿ

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಪಂದ್ಯದ ವೇಳಾಪಟ್ಟಿ ಅಷ್ಟು ಬೇಗ ಸಿಗದಿರಬಹುದು. ಕರಗದ ದಿನವನ್ನೇ ಮೊದಲು ಗುರುತಿಸಿಕೊಳ್ಳುವುದರ ನಿಜವಾದ ಲಾಭ ಇಲ್ಲಿ ತಿಳಿಯುತ್ತದೆ: ಹಿಂದಿರುಗುವ ಭಾನುವಾರದ ಟಿಕೆಟ್ಟನ್ನು ಆಗಲೇ ಕಾಯ್ದಿರಿಸಬಹುದು, ಹೋಗುವ ದಿನವನ್ನು ಅಂದಾಜಿನ ಮೇಲೆ ಹಿಡಿದು ಬೇಕಾದರೆ ಮುಂದೆ ಬದಲಾಯಿಸಬಹುದು. ಸಾಕಷ್ಟು ಮೊದಲೇ ರದ್ದು ಮಾಡಿದ ಟಿಕೆಟ್ಟಿನಲ್ಲಿ ಕಳೆದುಕೊಳ್ಳುವ ಹಣ, ಕೊನೆಯ ಗಳಿಗೆಯಲ್ಲಿ ತತ್ಕಾಲಿಗೆ ತೆರುವ ಹೆಚ್ಚಿನ ಹಣ ಮತ್ತು ಆತಂಕಗಳಿಗಿಂತ ಕಡಿಮೆಯೇ.

ರೈಲನ್ನು ಆರಿಸುವಾಗ ಅದು ಬೆಂಗಳೂರಿನ ಯಾವ ನಿಲ್ದಾಣದಲ್ಲಿ ನಿಲ್ಲುತ್ತದೆಂಬುದನ್ನು ನೋಡಿ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದರೆ ಮೆಟ್ರೊ ಪಕ್ಕದಲ್ಲೇ ಇದೆ. ಯಶವಂತಪುರದಲ್ಲೂ ಹಸಿರು ಮಾರ್ಗದ ನಿಲ್ದಾಣವಿದೆ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಇಳಿಯುವವರು ಮೆಟ್ರೊ ತಲುಪಲು ಇನ್ನೊಂದು ಸಣ್ಣ ಪ್ರಯಾಣವನ್ನು ಲೆಕ್ಕಕ್ಕಿಡಬೇಕು. ತುಮಕೂರು ರಸ್ತೆಯಿಂದ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಕೂತಿರಬೇಕಾಗಿಯೂ ಇಲ್ಲ. ನಾಗಸಂದ್ರ ಅಥವಾ ಜಾಲಹಳ್ಳಿ ಕ್ರಾಸಿನ ಬಳಿ ಇಳಿದು ಮೆಟ್ರೊ ಹತ್ತಿದರೆ ಬೆಳಗಿನ ದಟ್ಟಣೆಯನ್ನು ತಪ್ಪಿಸಬಹುದು. ವಿಮಾನದಲ್ಲಿ ಬರುವವರಿಗೆ ಬಿಎಂಟಿಸಿಯ ವಾಯು ವಜ್ರ ಬಸ್ಸು ಟ್ಯಾಕ್ಸಿಗಿಂತ ಅಗ್ಗ.

ವಸತಿಯನ್ನು ಕ್ರೀಡಾಂಗಣದ ಹತ್ತಿರ ಹುಡುಕುವುದು ಸಹಜವಾದ, ಆದರೆ ತಪ್ಪಾದ ಆಲೋಚನೆ. ಎಂ. ಜಿ. ರಸ್ತೆಯ ಸುತ್ತಮುತ್ತ ಬಾಡಿಗೆ ಹೆಚ್ಚು, ಪಂದ್ಯದ ದಿನ ಇನ್ನೂ ಹೆಚ್ಚು. ಅಲ್ಲದೆ ಪಂದ್ಯದ ರಾತ್ರಿ ಮನೆಗೆ ಮರಳಲು ಮೆಟ್ರೊ ಇದ್ದೇ ಇರುತ್ತದೆ. ಮೆಟ್ರೊ ಇಲ್ಲದ ರಾತ್ರಿ ಎಂದರೆ ಕರಗದ ರಾತ್ರಿ. ಹಾಗಾಗಿ ನಡುರಾತ್ರಿಯಲ್ಲಿ ನಡೆದು ತಲುಪಬಲ್ಲ ಕೋಣೆಯನ್ನು ಪೇಟೆಯ ಆಸುಪಾಸಿನಲ್ಲೇ ಹಿಡಿಯಿರಿ. ಗಾಂಧಿನಗರದ ಲಾಡ್ಜುಗಳು ರೈಲಿಗೂ ಬಸ್ಸಿಗೂ ಹತ್ತಿರ. ಚಾಮರಾಜಪೇಟೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಕಛೇರಿ ಮುಗಿಸಿ ಕಾಲ್ನಡಿಗೆಯಲ್ಲೇ ಬರಬಹುದು. ಕೋಣೆ ಕಾಯ್ದಿರಿಸುವ ಮುನ್ನ ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಮುಚ್ಚುತ್ತಾರೆಂದು ಫೋನಿನಲ್ಲಿ ಕೇಳಿಕೊಳ್ಳಿ. ಒಮ್ಮೆ ನಾನು ಈ ಪ್ರಶ್ನೆ ಕೇಳದೆ, ಬೆಳಗಿನ ಮೂರು ಗಂಟೆಗೆ ಲಾಡ್ಜೊಂದರ ಷಟರ್ ಬಡಿಯುತ್ತಾ ಅರ್ಧ ಗಂಟೆ ನಿಂತಿದ್ದೇನೆ.

ನಾಲ್ಕನೆಯ ಹೆಜ್ಜೆ: ಪಂದ್ಯದ ದಿನ

ಟಿಕೆಟ್ಟನ್ನು ತಂಡದ ಅಧಿಕೃತ ತಾಣದಲ್ಲೇ ಕೊಳ್ಳಿ. ಮಾರಾಟ ಆರಂಭವಾಗುವ ಗಳಿಗೆಯಲ್ಲಿ ಖಾತೆಯನ್ನು ತೆರೆದಿಟ್ಟುಕೊಂಡು, ಎರಡು ಬಗೆಯ ಆಸನಗಳನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಬೇಕು. ಆಯ್ಕೆ ಮಾಡುತ್ತಾ ಕೂತರೆ ಪುಟ ಖಾಲಿಯಾಗುತ್ತದೆ. ಗೇಟಿನ ಬಳಿ ಬ್ಲ್ಯಾಕಿನಲ್ಲಿ ಮಾರುವವರು ತೋರಿಸುವ ಮೊಬೈಲ್ ಚಿತ್ರವನ್ನು ಇನ್ನೆಷ್ಟು ಮಂದಿಗೆ ತೋರಿಸಿದ್ದಾರೋ ಹೇಳಲಾಗದು. ಒಂದೇ ಕ್ಯೂಆರ್ ಸಂಕೇತ ಒಮ್ಮೆ ಮಾತ್ರ ಗೇಟನ್ನು ತೆರೆಯುತ್ತದೆ.

ರಾತ್ರಿಯ ಪಂದ್ಯ 7:30ಕ್ಕೆ ಆರಂಭವಾಗಿ ಸುಮಾರು 11:15ರವರೆಗೆ ಹೋಗುತ್ತದೆ. ಆ ದಿನ ಬೆಳಗಿನ ರೈಲಿನಲ್ಲಿ ಬಂದವರು ಕೋಣೆ ಸೇರಿ ಸ್ನಾನ ಮುಗಿಸಿ, ಮಧ್ಯಾಹ್ನವನ್ನು ಕಬ್ಬನ್ ಉದ್ಯಾನದಲ್ಲಿ ಕಳೆಯುವುದು ಉತ್ತಮ. ಕೆಂಪು ಬಣ್ಣದ ಅಠಾರ ಕಚೇರಿ, ಶೇಷಾದ್ರಿ ಅಯ್ಯರ್ ಸ್ಮಾರಕದಲ್ಲಿರುವ ಗ್ರಂಥಾಲಯ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯಗಳೆಲ್ಲ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಅಲ್ಲಿಂದ ಕ್ರೀಡಾಂಗಣಕ್ಕೆ ವಾಹನ ಬೇಕಿಲ್ಲ. ಸಮಯವಿದ್ದರೆ ಉದ್ಯಾನದ ಇನ್ನೊಂದು ಬದಿಯ ಕಂಠೀರವ ಕ್ರೀಡಾಂಗಣದ ಕಡೆಗೂ ಒಂದು ಸುತ್ತು ಹಾಕಿ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಆಡುವ ಈ ಮೈದಾನ ಒಂದು ಕಾಲದಲ್ಲಿ ಸಂಪಂಗಿ ಕೆರೆಯ ಅಂಗಳವಾಗಿತ್ತು. ಅದರ ಪಕ್ಕದಲ್ಲಿ ಇಂದು ಉಳಿದಿರುವ ಪುಟ್ಟ ಕೊಳಕ್ಕೆ ಕರಗದ ವಿಧಿಗಳಿಗಾಗಿ ಈಗಲೂ ಬರುತ್ತಾರೆ. ಶನಿವಾರ ರಾತ್ರಿ ನೋಡಲಿರುವ ಉತ್ಸವದ ಒಂದು ತುದಿಯನ್ನು ಗುರುವಾರ ಮಧ್ಯಾಹ್ನವೇ ಮುಟ್ಟಿದಂತಾಗುತ್ತದೆ.

ಬ್ಯಾಗು, ಪವರ್ ಬ್ಯಾಂಕ್, ನೀರಿನ ಬಾಟಲಿ, ಕೊಡೆ, ಹೆಲ್ಮೆಟ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಅವನ್ನು ಇಟ್ಟುಕೊಳ್ಳುವ ವ್ಯವಸ್ಥೆ ಗೇಟಿನಲ್ಲಿ ಇರುತ್ತದೆಂದು ನಂಬಿ ಹೋಗಬೇಡಿ. ಮೊಬೈಲನ್ನು ಕೋಣೆಯಲ್ಲೇ ಪೂರ್ತಿ ಚಾರ್ಜ್ ಮಾಡಿ, ಟಿಕೆಟ್ಟಿನ ಪ್ರತಿಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಉಳಿಸಿಕೊಳ್ಳಿ, ಏಕೆಂದರೆ ಸಾವಿರಾರು ಜನ ಒಂದೆಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಟಿಕೆಟ್ಟಿನಲ್ಲಿ ಬರೆದಿರುವ ಗೇಟಿನ ಸಂಖ್ಯೆಯನ್ನು ಮೊದಲೇ ನೋಡಿಕೊಂಡು, ಆ ಗೇಟಿರುವ ರಸ್ತೆಯಿಂದಲೇ ಹೋಗಿ. ತಪ್ಪು ಗೇಟಿಗೆ ಹೋಗಿ ಜನರ ಎದುರು ಹಿಂದಿರುಗುವುದು ಕಷ್ಟ ಮಾತ್ರವಲ್ಲ, ಅಪಾಯ. ಟಿಕೆಟ್ ಇಲ್ಲದವರು ಗೇಟಿನ ಬಳಿ ಕಾಯುವುದು ಬೇಡ. ಮಕ್ಕಳಿದ್ದರೆ ಆರು ಗಂಟೆಗೆ ಮೊದಲೇ ಒಳಗಿರಿ, ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಹಾಕಿರಿ.

ಪಂದ್ಯ ಮುಗಿದೊಡನೆ ಎಲ್ಲರೂ ಕಬ್ಬನ್ ಪಾರ್ಕ್ ನಿಲ್ದಾಣಕ್ಕೇ ನುಗ್ಗುತ್ತಾರೆ. ಪಂದ್ಯದ ರಾತ್ರಿಗಳಲ್ಲಿ ಮೆಟ್ರೊ ಸಾಮಾನ್ಯವಾಗಿ ಹೆಚ್ಚು ಹೊತ್ತು ಓಡುತ್ತದೆ; ಅಂದಿನ ಪ್ರಕಟಣೆಯನ್ನು ನೋಡಿಕೊಂಡರೆ ಧಾವಂತವಿಲ್ಲ. ಮರಳುವ ಟಿಕೆಟ್ಟನ್ನು ಬರುವಾಗಲೇ ಕೊಂಡಿರಿ ಅಥವಾ ಸ್ಮಾರ್ಟ್ ಕಾರ್ಡ್ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಆಸನದಲ್ಲೇ ಕೂತಿದ್ದು ಹೊರಡುವುದು, ಅಥವಾ ಒಂದಿಷ್ಟು ನಡೆದು ವಿಧಾನಸೌಧದ ನಿಲ್ದಾಣದಲ್ಲಿ ಹತ್ತುವುದು, ಎರಡೂ ಜಾಣತನವೇ.

ಐದನೆಯ ಹೆಜ್ಜೆ: ಕಛೇರಿಯ ದಿನವನ್ನು ಪೇಟೆಗೆ ಮೀಸಲಿಡಿ

ರಾತ್ರಿ ಹನ್ನೆರಡಕ್ಕೆ ಮಲಗಿದವರು ಶುಕ್ರವಾರ ಬೆಳಗ್ಗೆ ನಿಧಾನವಾಗಿ ಏಳಲಿ. ತಿಂಡಿಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು ನೆನೆದವರಿಗೆ ಇಲ್ಲೊಂದು ನಿರಾಸೆ ಕಾದಿರುತ್ತದೆ, 1943ರಿಂದ ದೋಸೆ ಹಾಕುತ್ತಿರುವ ಆ ಹೋಟೆಲಿಗೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ರಜೆ ಸೋಮವಾರ, ಹಾಗಾಗಿ ಶುಕ್ರವಾರ ಅಲ್ಲಿಗೂ ಶನಿವಾರ ಗಾಂಧಿಬಜಾರಿಗೂ ಹೋಗುವುದೆಂದು ಹೊಂದಿಸಿಕೊಳ್ಳಿ. ಸರ್ಕಾರಿ ವಸ್ತುಸಂಗ್ರಹಾಲಯವೂ ಅರಮನೆ ರಸ್ತೆಯ ಆಧುನಿಕ ಕಲಾ ಸಂಗ್ರಹಾಲಯವೂ ಸೋಮವಾರ ಮುಚ್ಚಿರುತ್ತವೆ. ವಾರದ ರಜೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದೆ ಹೊರಟವರು ಬೀಗ ಹಾಕಿದ ಬಾಗಿಲುಗಳನ್ನು ನೋಡಿ ಬರುತ್ತಾರೆ.

ಕಛೇರಿ ಸಂಜೆ ಆರೂವರೆಯ ಹೊತ್ತಿಗೆ ಶುರುವಾಗುವುದರಿಂದ, ಮಧ್ಯಾಹ್ನ ಮೂರರ ಮೇಲೆ ಅದೇ ಬೀದಿಗಳಲ್ಲಿ ಇರುವಂತೆ ನೋಡಿಕೊಳ್ಳಿ. ಕೋಟೆಯ ಉಳಿದ ಭಾಗ, 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆ, ಅದರ ಪಕ್ಕದಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಸ್ಥಾನ, ಇವೆಲ್ಲ ಒಂದಕ್ಕೊಂದು ತಾಗಿಕೊಂಡಿವೆ. ತೇಗದ ಕಂಬಗಳ ಆ ಅರಮನೆ ಚಿಕ್ಕದು, ಮುಕ್ಕಾಲು ಗಂಟೆ ಸಾಕು. ಮಾರುಕಟ್ಟೆಯ ಹೂವಿನ ಅಂಗಡಿಗಳನ್ನು ನೋಡಬೇಕಾದದ್ದು ಮಾತ್ರ ನಸುಕಿನಲ್ಲಿ. ಕರಗದ ವಾರದಲ್ಲಿ ಅಲ್ಲಿಯ ಮಲ್ಲಿಗೆಯ ರಾಶಿಗೆ ಬೇರೆಯದೇ ಗಾತ್ರ.

ಶ್ರೀರಾಮ ಸೇವಾ ಮಂಡಳಿಯ ಉತ್ಸವವನ್ನು 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಆರಂಭಿಸಿದರು. ಎಂ. ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ವೇದಿಕೆ ಇದು. ಇದು ಹವಾನಿಯಂತ್ರಿತ ಸಭಾಂಗಣವಲ್ಲ, ಶಾಲೆಯ ಮೈದಾನದಲ್ಲಿ ಹಾಕಿದ ಪೆಂಡಾಲು. ಏಪ್ರಿಲಿನ ಸೆಕೆಯೂ ಹೊರಗಿನ ಬಸ್ಸುಗಳ ಹಾರ್ನೂ ಆಗಾಗ ಆಲಾಪನೆಯೊಳಗೆ ನುಸುಳುತ್ತವೆ. ನನಗಂತೂ ಇದು ಕೊರತೆಯೆನಿಸಿಲ್ಲ. ಮೊದಲ ಸಲ ಬರುವವರು ತೆಳುವಾದ ಹತ್ತಿಯ ಬಟ್ಟೆ, ಒಂದು ಕೈಬೀಸಣಿಗೆ ಮತ್ತು ಸೊಳ್ಳೆಗೆ ಹಚ್ಚುವ ಮುಲಾಮು ತಂದರೆ ಸುಖವಾಗಿ ಕೇಳಬಹುದು. ಇಡೀ ಉತ್ಸವಕ್ಕೆ ಸೀಸನ್ ಟಿಕೆಟ್ ಇರುವಂತೆ ಒಂದು ದಿನದ ಟಿಕೆಟ್ಟೂ ಇರುತ್ತದೆ. ಪ್ರವಾಸಿಗೆ ಎರಡನೆಯದೇ ಸರಿ. ಹೆಸರಾಂತ ಗಾಯಕರ ದಿನವಾದರೆ ಒಂದು ಗಂಟೆ ಮೊದಲು ತಲುಪಿರಿ.

ಕರ್ನಾಟಕ ಸಂಗೀತ ಹೊಸದಾಗಿದ್ದರೆ ಇಷ್ಟು ತಿಳಿದಿದ್ದರೆ ಸಾಕು. ಕಛೇರಿ ವರ್ಣದಿಂದಲೋ ಚಿಕ್ಕ ಕೃತಿಯಿಂದಲೋ ತೊಡಗಿ, ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ ಮುಖ್ಯ ಕೃತಿಗೆ ಬರುತ್ತದೆ. ಅದರ ಕೊನೆಗೆ ಮೃದಂಗದವರ ತನಿ ಆವರ್ತನ, ಅಂದರೆ ತಾಳವಾದ್ಯವಷ್ಟೇ ನುಡಿಯುವ ಭಾಗ. ಆ ಹೊತ್ತಿಗೆ ಎದ್ದು ಕಾಫಿಗೆ ಹೋಗುವ ಹಳೆಯ ದುರಭ್ಯಾಸವನ್ನು ನೀವು ಕಲಿಯಬೇಡಿ. ಹೊರಡಲೇಬೇಕಾದರೆ ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಏಳಿರಿ. ತನಿಯ ನಂತರದ ದೇವರನಾಮಗಳಿಗಾದರೂ ಕೂತಿರಿ ಎಂದು ನನ್ನ ಕೋರಿಕೆ. ಪುರಂದರದಾಸರ ಪದವೊಂದು ಸಾಮಾನ್ಯವಾಗಿ ಬರುವುದು ಅಲ್ಲಿಯೇ. ಮುಗಿದ ಮೇಲೆ ಹಸಿವಾಗಿದ್ದರೆ ವಿ. ವಿ. ಪುರದ ತಿಂಡಿ ಬೀದಿ ಹತ್ತಿರದಲ್ಲೇ ಇದೆ.

ಪಂದ್ಯ ಮತ್ತು ಕಛೇರಿ ಎರಡನ್ನೂ ಒಂದೇ ಸಂಜೆಗೆ ತುರುಕುವ ಆಸೆ ಮಧ್ಯಾಹ್ನ 3:30ರ ಪಂದ್ಯವಿದ್ದಾಗ ಹುಟ್ಟುತ್ತದೆ. ಅದು ಮುಗಿಯುವುದೇ ಏಳು ಗಂಟೆ ದಾಟಿದ ಮೇಲೆ. ಬೆವರಿದ ಅಂಗಿಯಲ್ಲಿ, ಗದ್ದಲ ಇನ್ನೂ ಕಿವಿಯಲ್ಲಿ ಮೊಳಗುತ್ತಿರುವಾಗ ವಿಳಂಬದ ಆಲಾಪನೆಗೆ ಮನಸ್ಸು ಕೂರುವುದಿಲ್ಲ.

ಆರನೆಯ ಹೆಜ್ಜೆ: ಕರಗದ ರಾತ್ರಿ

ಶನಿವಾರ ಬೆಳಗ್ಗೆ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟದ ಗಾಜಿನ ಮನೆಗಿಂತ ಅಲ್ಲಿಯ ಬಂಡೆ ನನಗೆ ಹೆಚ್ಚು ಪ್ರಿಯ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಕಲ್ಲಿನ ಮೇಲೆ ಕೆಂಪೇಗೌಡ ಗೋಪುರವೊಂದು ನಿಂತಿದೆ. ಹತ್ತು ಗಂಟೆಯ ಬಿಸಿಲಿಗೆ ಮೊದಲು ಇಳಿದು, ಗಾಂಧಿಬಜಾರಿನಲ್ಲಿ ತಿಂಡಿ ಮುಗಿಸಿ, ದೊಡ್ಡ ಬಸವಣ್ಣನನ್ನು ನೋಡಿ ಕೋಣೆಗೆ ಮರಳಿ. ಮಧ್ಯಾಹ್ನ ನಿದ್ದೆ ಕಡ್ಡಾಯ. ಈ ಯೋಜನೆಯಲ್ಲಿ ಬೇರೆ ಯಾವುದನ್ನು ಬಿಟ್ಟರೂ ಆ ಮೂರು ಗಂಟೆಯ ನಿದ್ದೆಯನ್ನು ಬಿಡಬಾರದು.

ಕರಗ ದೇವಸ್ಥಾನದಿಂದ ಹೊರಬರುವುದು ನಡುರಾತ್ರಿಯ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ. ತಿಗಳ ಸಮುದಾಯದ ಅರ್ಚಕರು ಸ್ತ್ರೀವೇಷದಲ್ಲಿ, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತು, ಕೈಯಿಂದ ಮುಟ್ಟದೆ ಹೆಜ್ಜೆ ಹಾಕುತ್ತಾರೆ. ಸುತ್ತಲೂ ಕತ್ತಿ ಹಿಡಿದ ವೀರಕುಮಾರರು ಇರುತ್ತಾರೆ. ದ್ರೌಪದಿಯ ಈ ಉತ್ಸವ ಪೇಟೆಯ ಬೀದಿಗಳನ್ನು ಸುತ್ತುತ್ತಾ ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ದೇವಸ್ಥಾನದ ಬಾಗಿಲಲ್ಲೇ ನಿಲ್ಲಬೇಕೆಂಬ ಹಟ ಬೇಡ, ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂಜೆಯೇ ಒಮ್ಮೆ ಹೋಗಿ ದರ್ಶನ ಮಾಡಿ ಬಂದು, ರಾತ್ರಿ ಮೆರವಣಿಗೆಯ ದಾರಿಯಲ್ಲಿ ಮುಂದೆ ಎಲ್ಲಾದರೂ ಅಂಗಡಿಯ ಜಗಲಿ ಹಿಡಿದು ಕಾದಿರಿ. ಯಾವ ಬೀದಿಗೆ ಯಾವ ಹೊತ್ತಿಗೆ ಬರುತ್ತದೆಂದು ಅಲ್ಲಿಯ ಚಹಾ ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ. ವೀರಕುಮಾರರಿಗೆ ದಾರಿ ಬಿಡಿ, ಫೋಟೋಕ್ಕಾಗಿ ಅವರ ಮುಂದೆ ನುಗ್ಗಬೇಡಿ. ಪುಟ್ಟ ಮಕ್ಕಳನ್ನು ಕರೆತಂದವರು ಸಂಜೆಯ ದರ್ಶನಕ್ಕೇ ತೃಪ್ತರಾಗುವುದು ಲೇಸು.

ಮಳೆ ಬಂದರೆ

ಏಪ್ರಿಲ್ ಸಂಜೆಯ ಗುಡುಗು ಮಳೆ ಬೆಂಗಳೂರಿಗೆ ಹೊಸದಲ್ಲ. ಚಿನ್ನಸ್ವಾಮಿಯ ಮೈದಾನದಡಿಯಲ್ಲಿ 2017ರಿಂದ ನೀರನ್ನು ಹೀರುವ ಸಬ್‌ಏರ್ ವ್ಯವಸ್ಥೆ ಇರುವುದರಿಂದ ಮಳೆ ನಿಂತರೆ ಆಟ ಬೇಗ ಶುರುವಾಗುತ್ತದೆ. ಆಟ ನಿಂತ ಕೂಡಲೇ ಎದ್ದು ಹೋಗಬೇಡಿ. ತಂಡಕ್ಕೆ ಐದು ಓವರಿನ ಆಟವಾದರೂ ಸಾಧ್ಯವಾದರೆ ಫಲಿತಾಂಶ ಬರುತ್ತದೆ. 2025ರ ಮೇ 17ರಂದು ಬೆಂಗಳೂರು-ಕೋಲ್ಕತ್ತಾ ಪಂದ್ಯ ಟಾಸ್ ಕೂಡ ಇಲ್ಲದೆ ಕೊಚ್ಚಿಹೋದಾಗ ಟಿಕೆಟ್ ಹಣವನ್ನು ಹಿಂದಿರುಗಿಸಿದರು. ಆದರೆ ಒಂದು ಎಸೆತ ಬಿದ್ದ ಮೇಲೆ ನಿಯಮ ಬೇರೆಯಾಗಬಹುದಾದ್ದರಿಂದ ಟಿಕೆಟ್ಟಿನ ಷರತ್ತುಗಳನ್ನು ಓದಿ, ಟಿಕೆಟ್ಟನ್ನು ಅಳಿಸದೆ ಇಟ್ಟುಕೊಳ್ಳಿ.

ಭಾನುವಾರ

ಕರಗ ನೋಡಿ ಮುಗಿಸುವಾಗ ಬೆಳಕು ಹರಿದಿರುತ್ತದೆ. ಭಾನುವಾರ ಮೆಟ್ರೊ ಏಳು ಗಂಟೆಗೆ ಶುರು, ಅದಕ್ಕೆ ಮೊದಲು ಮೀಟರ್ ಹಾಕುವ ಆಟೋ ಸಿಗುವುದು ಕಷ್ಟ. ಕೋಣೆಯನ್ನು ಹತ್ತಿರದಲ್ಲೇ ಹಿಡಿದವರು ನಡೆದು ಹೋಗಿ ಮಲಗಬಹುದು. ಆದ್ದರಿಂದ ಹಿಂದಿರುಗುವ ರೈಲನ್ನು ಬೆಳಗಿನದಕ್ಕಲ್ಲ, ಮಧ್ಯಾಹ್ನದ್ದಕ್ಕೆ ಕಾಯ್ದಿರಿಸಿ, ಕೋಣೆ ಖಾಲಿ ಮಾಡುವ ಸಮಯವನ್ನು ಒಂದೆರಡು ಗಂಟೆ ಮುಂದೂಡಲು ಶನಿವಾರವೇ ಹೇಳಿಡಿ.